ಕಲ್ಲು ಈಗ ಎಲ್ಲಿದೆ? ನಂಜನಗೂಡು, ತಿ. ನರಸೀಪುರದ ಮಕ್ಕಳಿಗೊಂದು ಶಾಸನ ತನಿಖೆ

ಹೋದ ವರ್ಷ ನಂಜನಗೂಡು ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಸ್ನೇಹಿತರು ಫೋನ್ ಮಾಡಿ, "ಸಾರ್, ಒಂಬತ್ತನೇ ಕ್ಲಾಸಿನವರಿಗೆ ಶಾಸನದ ಮೇಲೆ ಒಂದು ಪ್ರಾಜೆಕ್ಟ್ ಹೇಳಿ" ಅಂದರು. ಗಂಗರು, ಚೋಳರು, ಹೊಯ್ಸಳರು ಅಂತ ಉತ್ಸಾಹದಿಂದ ಪಟ್ಟಿ ಮಾಡಿ ಕಳಿಸಿದೆ. ಬಂದದ್ದು ತಲಕಾಡಿನ ಚಿತ್ರ ಅಂಟಿಸಿದ, ಒಂದೇ ಥರದ ಚಾರ್ಟುಗಳು. ತಪ್ಪು ಮಕ್ಕಳದಲ್ಲ, ನನ್ನದು. ಉತ್ತರ ಮೊದಲೇ ಸಿದ್ಧವಾಗಿರುವ ಪ್ರಶ್ನೆ ಕೊಟ್ಟರೆ ನಕಲು ಮಾಡದೆ ಇನ್ನೇನು ಮಾಡ್ತಾರೆ?

ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ಯೋಜನೆ ಹಾಕಿದ್ದೇವೆ: 1894ರಲ್ಲಿ ದಾಖಲಾದ ಕಲ್ಲು ಈಗ ಎಲ್ಲಿದೆ, ಹೇಗಿದೆ?

1894 ಯಾಕೆ ಅಂದರೆ, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ 3ನೇ ಸಂಪುಟ ಹೊರಬಂದ ವರ್ಷ ಅದು. ನಮ್ಮ ಎರಡೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ತಂದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು 3ನೇ ಸಂಪುಟದಲ್ಲಿದೆ, ತಿ. ನರಸೀಪುರ 5ನೆಯದರಲ್ಲಿ. ಪಾಠದ ಜೊತೆಗೆ ಊರು, ಜಾಗವನ್ನೂ ಬರೆದಿರುತ್ತಾರೆ: ದೇವಸ್ಥಾನದ ಮುಂದೆ, ಕೆರೆ ಏರಿಯ ಹತ್ತಿರ, ಇಂಥವರ ಹೊಲದಲ್ಲಿ. ಇಂಜಿನಿಯರ್ ಭಾಷೆಯಲ್ಲಿ ಹೇಳೋದಾದ್ರೆ, ಡ್ರಾಯಿಂಗ್ ಹಿಡಿದು ಸೈಟ್‌ಗೆ ಹೋಗಿ ತಾಳೆ ನೋಡುವ ಕೆಲಸ ಇದು. ಉತ್ತರ ಯಾವ ಪುಸ್ತಕದಲ್ಲೂ ಸಿಗಲ್ಲ.

ಯೋಜನೆ ಆರು ವಾರದ್ದು. ಮೊದಲ ವಾರ ನಾಲ್ಕೈದು ಮಕ್ಕಳ ತಂಡಕ್ಕೆ ತಮ್ಮ ಊರಿನದೋ ಪಕ್ಕದ ಊರಿನದೋ ಒಂದೇ ಶಾಸನ. ಎರಡನೇ ವಾರ ಅದರ ಪಾಠ ಓದುವುದು. ಶಕವರ್ಷ ಇದ್ದರೆ 78 ಕೂಡಿಸಿ ಸ್ಥೂಲವಾಗಿ ಕ್ರಿಸ್ತಶಕಕ್ಕೆ ತರುವುದು. ಮೂರು, ನಾಲ್ಕನೇ ವಾರ ಊರಿಗೆ ಹೋಗಿ ಹುಡುಕುವುದು, ಹಿರಿಯರನ್ನು ಕೇಳುವುದು, ಅಳತೆ, ಫೋಟೊ, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ. ಐದನೆಯದರಲ್ಲಿ ಅಂದಿನದಕ್ಕೂ ಇಂದಿನದಕ್ಕೂ ಹೋಲಿಕೆ. ಕೊನೆಗೆ ಊರವರ ಮುಂದೆ ವರದಿ.

ಮುಟ್ಟುವ ವಿಚಾರದಲ್ಲಿ ಕಟ್ಟುನಿಟ್ಟು. ಸೀಮೆಸುಣ್ಣ, ಬಣ್ಣ, ತಂತಿ ಬ್ರಷ್ ಬೇಡವೇ ಬೇಡ. ಸಂಜೆ ಹೊತ್ತು ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟರೆ ಸವೆದ ಅಕ್ಷರವೂ ಎದ್ದು ಕಾಣುತ್ತೆ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಮೊದಲು ಪೂಜೆ ಮಾಡುವವರನ್ನು ಕೇಳಬೇಕು. ಅವರು ಬೇಡ ಅಂದರೆ ಅದನ್ನೇ ವರದಿಯಲ್ಲಿ ಬರೆಯಬೇಕು.

ಎಲ್ಲದಕ್ಕೂ ಒಂದೇ ಉತ್ತರ ಇರಲ್ಲ ಅಂತ ಮಕ್ಕಳಿಗೆ ತಿಳಿಯಲು ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಗಂಗ ದೊರೆ ನೀತಿಮಾರ್ಗನ ಮರಣವನ್ನು ಹೇಳುವ ಈ ಸ್ಮಾರಕದಲ್ಲಿ ಸಾಯುತ್ತಿರುವ ರಾಜನ ಚಿತ್ರವನ್ನೇ ಕೆತ್ತಿದ್ದಾರೆ. ಕಾಲ ಮಾತ್ರ ಕ್ರಿ.ಶ. 840 ಅಂತಲೂ 869 ಅಂತಲೂ ಎರಡು ಅಭಿಪ್ರಾಯ. ಯಾವುದು ಸರಿ ಅನ್ನೋದಕ್ಕಿಂತ, ಯಾವ ಆಧಾರದ ಮೇಲೆ ಹಾಗೆ ಹೇಳ್ತೀರಿ ಅಂತ ಕೇಳಬೇಕು. ಇತಿಹಾಸದ ಪಾಠ ಅಲ್ಲಿಂದ ಶುರು.

ಶಿಕ್ಷಕರಿಗಿದ್ದ ಆತಂಕ ಬೇರೆ: "ಕಲ್ಲು ಸಿಗದಿದ್ದರೆ ಮಾರ್ಕ್ಸ್ ಹೆಂಗೆ ಕೊಡೋದು?" ಸಿಗದಿದ್ದರೂ ಪೂರ್ತಿ ಮಾರ್ಕ್ಸ್ ಕೊಡಿ ಅಂದೆ. ಎಲ್ಲೆಲ್ಲಿ ಹುಡುಕಿದೆವು, ಯಾರು ಏನಂದರು, ಕಡೆಯದಾಗಿ ಕಂಡವರು ಯಾರು ಎಂದು ಬರೆದರೆ ಅದೇ ದಾಖಲೆ. ರಸ್ತೆ ಅಗಲವಾಗುವಾಗ, ಗುಡಿಯ ಜೀರ್ಣೋದ್ಧಾರ ಆಗುವಾಗ ಒಂದು ಕಲ್ಲು ಹೋದರೆ ಕೇಳುವವರಿರಲ್ಲ, ಯಾಕೆಂದರೆ ಅದು ಅಲ್ಲಿತ್ತು ಅಂತ ಊರಲ್ಲಿ ಯಾರಿಗೂ ಗೊತ್ತಿರಲ್ಲ. ಬೆಂಗಳೂರಿನಲ್ಲಿ ಆಸಕ್ತರು ಹೀಗೆ ಹುಡುಕಾಟಕ್ಕೆ ಇಳಿದ ಕಾಲದಲ್ಲೇ, 2018ರಲ್ಲಿ, ಹೆಬ್ಬಾಳದ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರ ಆ ಶಾಸನ ಅಲ್ಲಿಯವರೆಗೆ ಯಾವ ಸಂಪುಟದಲ್ಲೂ ಇರಲಿಲ್ಲ.

ವರದಿಯ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಗ್ರಾಮ ಪಂಚಾಯಿತಿಯಲ್ಲಿ ಇರಲಿ ಅಂತ ತೀರ್ಮಾನಿಸಿದ್ದೇವೆ. ಹತ್ತು ವರ್ಷದ ನಂತರ ಇನ್ನೊಂದು ಬ್ಯಾಚ್ ಅದೇ ಕಲ್ಲನ್ನು ಹುಡುಕಿ ಹೊರಟರೆ, ಅವರ ಕೈಯಲ್ಲಿ ರೈಸ್ ಅವರ ಸಂಪುಟದ ಜೊತೆಗೆ ಈ ಮಕ್ಕಳ ನೋಟ್ ಪುಸ್ತಕವೂ ಇರುತ್ತೆ. ನಿಮ್ಮ ತಾಲ್ಲೂಕಿನಲ್ಲೂ ಮಾಡಬಹುದು. ಒಂದು ಊರು, ಒಂದು ಕಲ್ಲು ಸಾಕು.