ಗಣಕಯಂತ್ರದ ಸ್ಮೃತಿ ಕೊರತೆ ಮತ್ತು ಬೆರಳಚ್ಚು ಸೇವೆಯ ಸ್ಥಗಿತ: ಅರ್ಜಿದಾರರ ಮಾಹಿತಿಗಾಗಿ

ಸೇವಾ ಕೇಂದ್ರಗಳಲ್ಲಿ ಆಧಾರ್ ದೃಢೀಕರಣಕ್ಕಾಗಿ ಬೆರಳಚ್ಚು ನೀಡುವಾಗ "ಸಾಧನ ಸಿದ್ಧವಿಲ್ಲ" ಎಂಬ ಸೂಚನೆ ಪರದೆಯ ಮೇಲೆ ಮೂಡುವುದುಂಟು. ಕೂಲಿ ಹಾಗೂ ಕೃಷಿ ಕೆಲಸದಿಂದ ಬೆರಳು ಸವೆದ ಅರ್ಜಿದಾರರು ತಮ್ಮ ಬೆರಳೇ ಸರಿಯಿಲ್ಲವೆಂದು ಭಾವಿಸಿ ಹಿಂದಿರುಗುತ್ತಾರೆ. ಬೆರಳಚ್ಚು ಹೊಂದಾಣಿಕೆಯಾಗದಿದ್ದಲ್ಲಿ ಬರುವ ಸೂಚನೆ ಬೇರೆ; ಇದು ಬೇರೆ.

ಬೆರಳಚ್ಚು ಸಾಧನವು ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶದ ಮೂಲಕ ಕಾರ್ಯನಿರ್ವಹಿಸುತ್ತದೆ. ಈ ತಂತ್ರಾಂಶವು ಗಣಕಯಂತ್ರದ ಹಿನ್ನೆಲೆಯಲ್ಲಿ ಸದಾ ಚಾಲನೆಯಲ್ಲಿರಬೇಕು. ಅರ್ಜಿ ಪುಟವು ಅದೇ ಯಂತ್ರದ 11100 ರಿಂದ 11120 ರವರೆಗಿನ ಪೋರ್ಟ್‌ಗಳಲ್ಲಿ ಅದನ್ನು ಹುಡುಕಿ, ಸಿದ್ಧವಿದೆಯೇ ಎಂದು ವಿಚಾರಿಸುತ್ತದೆ. ಯಂತ್ರದ ಸ್ಮೃತಿ, ಅಂದರೆ ರ‍್ಯಾಮ್, ತುಂಬಿದಾಗ ವಿಂಡೋಸ್ ಕಾರ್ಯವ್ಯವಸ್ಥೆಯು ಸದ್ಯ ಬಳಕೆಯಲ್ಲಿಲ್ಲದ ಭಾಗಗಳನ್ನು ಹಾರ್ಡ್ ಡಿಸ್ಕ್‌ಗೆ ಸರಿಸುತ್ತದೆ. ಬೆರಳಚ್ಚು ಸೇವೆ ಬಹುಹೊತ್ತು ಸುಮ್ಮನಿರುವುದರಿಂದ ಅದರ ಸರದಿ ಬೇಗ ಬರುತ್ತದೆ. ನಂತರ ವಿಚಾರಣೆ ಬಂದಾಗ ಅದು ಡಿಸ್ಕ್‌ನಿಂದ ಮರಳಿ ಬರುವಷ್ಟರಲ್ಲಿ ಕಾಯುವ ಅವಧಿ ಮುಗಿದಿರುತ್ತದೆ. ಸೇವೆ ಜೀವಂತವಾಗಿದ್ದರೂ ಸತ್ತಿದೆಯೆಂದು ದಾಖಲಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿಯೂ ಆಗಬಹುದು. ಮೇಲ್ವಿಚಾರಣೆ ಮಾಡುವ ತಂತ್ರಾಂಶವೇ ಸ್ಮೃತಿಯಿಲ್ಲದೆ ನಿಂತಲ್ಲಿ, ಸೇವೆ ಸ್ಥಗಿತಗೊಂಡ ಮೇಲೂ ಪರದೆಯ ಹಸಿರು ಗುರುತು ಹಾಗೆಯೇ ಉಳಿಯುತ್ತದೆ. ಇದು ಹೆಚ್ಚು ತೊಂದರೆದಾಯಕ, ಏಕೆಂದರೆ ದೋಷವನ್ನು ಯಾರೂ ಹುಡುಕುವುದಿಲ್ಲ.

ನಿರ್ವಾಹಕರು ಸೇವೆಯನ್ನು ಪದೇ ಪದೇ ಮರುಪ್ರಾರಂಭಿಸುವುದರಿಂದ ಪ್ರಯೋಜನ ಕಡಿಮೆ. ಪ್ರಾರಂಭವಾಗುವ ಸೇವೆಯ ಪ್ರತಿಕ್ರಿಯೆಗಾಗಿ ವಿಂಡೋಸ್ ಸಾಮಾನ್ಯವಾಗಿ 30 ಸೆಕೆಂಡು ಮಾತ್ರ ಕಾಯುತ್ತದೆ. ಬಳಲಿದ ಯಂತ್ರಕ್ಕೆ ಅದು ಸಾಲದು. ಮೊದಲು ಅನಗತ್ಯ ಬ್ರೌಸರ್ ಪುಟಗಳನ್ನು ಮುಚ್ಚಿ, ಆನಂತರ ಸೇವೆಯನ್ನು ಪ್ರಾರಂಭಿಸತಕ್ಕದ್ದು. ಈವೆಂಟ್ ದಾಖಲೆಯಲ್ಲಿ 2004 ಸಂಖ್ಯೆಯ ಸ್ಮೃತಿ ಕೊರತೆಯ ಎಚ್ಚರಿಕೆ ಕಂಡುಬಂದಲ್ಲಿ, ಯಾವ ತಂತ್ರಾಂಶ ಹೆಚ್ಚು ಸ್ಮೃತಿ ಬಳಸಿದೆ ಎಂಬುದೂ ಅಲ್ಲಿಯೇ ನಮೂದಾಗಿರುತ್ತದೆ. 4 ಜಿಬಿ ಸ್ಮೃತಿಯ ಯಂತ್ರದಲ್ಲಿ ಬ್ರೌಸರ್, ವೈರಸ್ ನಿರೋಧಕ, ಸ್ಕ್ಯಾನರ್ ಎಲ್ಲವೂ ಒಟ್ಟಿಗೆ ನಡೆದರೆ ಈ ಸ್ಥಿತಿ ಅನಿರೀಕ್ಷಿತವೇನಲ್ಲ.

ಅರ್ಜಿದಾರರು ಒಂದು ವಿಷಯವನ್ನು ತಪ್ಪದೆ ಗಮನಿಸಬೇಕು. ಸಕಾಲ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯಿರುವ ಸ್ವೀಕೃತಿ ನೀಡಲಾಗುತ್ತದೆ. ಯಂತ್ರ ನಡುವೆ ನಿಂತು ಸ್ವೀಕೃತಿ ಬಾರದಿದ್ದಲ್ಲಿ, ನಿಗದಿತ ಅವಧಿಯ ದಿನಗಳನ್ನು ಎಣಿಸಲು ಅರ್ಜಿದಾರರ ಕೈಯಲ್ಲಿ ಆಧಾರವಿರುವುದಿಲ್ಲ. "ಅರ್ಜಿ ಹೋಗಿರಬಹುದು" ಎಂಬ ಮಾತಿನ ಮೇಲೆ ಹಿಂದಿರುಗದೆ, ಸಂಖ್ಯೆಯನ್ನು ಕೇಳಿ ಪಡೆಯುವುದು. ಶುಲ್ಕ ಕಡಿತವಾಗಿದ್ದಲ್ಲಿ ಪಾವತಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿದ ನಂತರವೇ ಎರಡನೇ ಬಾರಿ ಪಾವತಿಸಲು ಕೋರಲಾಗಿದೆ.