ಶಿಷ್ಯರನ್ನು ಕಳೆದುಕೊಂಡ ಗುರು: ಆಕ್ಸ್‌ಫರ್ಡಿನಲ್ಲಿ ನ್ಯೂಮನ್

ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಪಾಲನಾ ಸೇವೆಯ ಫಲವನ್ನು ನಾವು ಸಾಮಾನ್ಯವಾಗಿ ಕೂಟಕ್ಕೆ ಬರುವ ವಿದ್ಯಾರ್ಥಿಗಳ ಸಂಖ್ಯೆಯಿಂದ ಅಳೆಯುತ್ತೇವೆ. ಸಂತ ಜಾನ್ ಹೆನ್ರಿ ನ್ಯೂಮನ್ನರ ಆಕ್ಸ್‌ಫರ್ಡ್ ವರ್ಷಗಳು ಈ ಅಳತೆಗೋಲನ್ನೇ ಪ್ರಶ್ನಿಸುತ್ತವೆ.

1826ರಲ್ಲಿ ಓರಿಯಲ್ ಕಾಲೇಜಿನ ಬೋಧಕರಾದಾಗ ಅವರು ಆಂಗ್ಲಿಕನ್ ಸಭೆಯ ಗುರು. ಬೋಧಕನಿಗೆ ಶಿಷ್ಯರ ಪಾಠದ ಹೊಣೆಯಷ್ಟೇ ಅಲ್ಲ, ಆತ್ಮದ ಹೊಣೆಯೂ ಇದೆಯೆಂಬುದು ಅವರ ನಿಲುವು. ಕಾಲೇಜಿನ ಮುಖ್ಯಸ್ಥ ಎಡ್ವರ್ಡ್ ಹಾಕಿನ್ಸ್ ಇದನ್ನು ಒಪ್ಪಲಿಲ್ಲ. 1830ರಲ್ಲಿ ನ್ಯೂಮನ್ನರಿಗೆ ಹೊಸ ಶಿಷ್ಯರನ್ನು ಒಪ್ಪಿಸುವುದನ್ನೇ ನಿಲ್ಲಿಸಿದರು.

ಆದರೂ ವಿಶ್ವವಿದ್ಯಾಲಯದ ಸಂತ ಮರಿಯ ದೇವಾಲಯದ ಪ್ರಬೋಧನಾ ಪೀಠ ಅವರಿಗೆ ಉಳಿದಿತ್ತು. ಭಾನುವಾರದ ಪ್ರಬೋಧನೆಗೆ ವಿದ್ಯಾರ್ಥಿಗಳು ತಾವಾಗಿಯೇ ಬಂದರು. ಆದರೆ ತಮ್ಮ ಸಭೆಯ ಕುರಿತು ತಮ್ಮಲ್ಲೇ ಸಂಶಯ ಬೇರೂರಿದಾಗ, 1843ರಲ್ಲಿ ಆ ಪೀಠವನ್ನೂ ತೊರೆದರು. 1845ರ ಅಕ್ಟೋಬರ್ 9ರಂದು ಕಥೋಲಿಕ ಧರ್ಮಸಭೆಯನ್ನು ಸೇರಿದರು.

1893ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಕಥೋಲಿಕ ವಿದ್ಯಾರ್ಥಿಗಳು ತಮ್ಮ ಕೂಟಕ್ಕೆ ಇಟ್ಟದ್ದು ಅವರದೇ ಹೆಸರು. ಯುವಜನರ ಆಧ್ಯಾತ್ಮಿಕ ಬೆಳವಣಿಗೆಗೆ ನೆರವಾಗಬಯಸುವ ಗುರುವಿಗೆ ತನ್ನ ಅಂತಃಸಾಕ್ಷಿಯ ಹೋರಾಟದಿಂದ ವಿನಾಯಿತಿಯಿಲ್ಲ. ತುಂಬಿದ ದೇವಾಲಯವನ್ನು ಬಿಟ್ಟುಕೊಡಬಲ್ಲ ಸತ್ಯನಿಷ್ಠೆಯೇ ಅವರು ವಿದ್ಯಾರ್ಥಿಗಳಿಗೆ ಕೊಟ್ಟ ಕೊನೆಯ ಪಾಠವೆಂದು ನಾವು ಭಾವಿಸುತ್ತೇವೆ.