ಬರೀ ಆರು ಮೆಗಾಪಿಕ್ಸೆಲ್ಲಾ?

2007ರಲ್ಲಿ ನಿಕಾನ್ ಡಿ40 ಕೊಂಡಾಗ ಗೆಳೆಯರು ಕೇಳಿದ್ದು ಒಂದೇ ಮಾತು: "ಬರೀ ಆರು ಮೆಗಾಪಿಕ್ಸೆಲ್ಲಾ? ಕ್ಯಾನನ್ 400ಡಿಯಲ್ಲಿ ಹತ್ತಿದೆಯಲ್ಲೋ ಮಾರಾಯ!" ಸುಮ್ಮನೆ ನಕ್ಕಿದ್ದೆ. ಮೊನ್ನೆ ಕಪಾಟು ಜಾಲಾಡಿಸುವಾಗ ಆ ಕ್ಯಾಮೆರಾ ಮತ್ತೆ ಕೈಗೆ ಸಿಕ್ತು. ತಡವಾದ್ರೂ ಉತ್ತರ ಹೇಳಿಬಿಡ್ತೀನಿ :)

ನಿಜವಾದ ವ್ಯತ್ಯಾಸ ಇದ್ದದ್ದು ಸೆನ್ಸರಿನ ಜಾತಿಯಲ್ಲಿ. ನನ್ನದು ಸಿಸಿಡಿ, ಅವರದು ಸಿಮಾಸ್. ಸಿಸಿಡಿಯನ್ನು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್. ಅದಕ್ಕೆ 2009ರಲ್ಲಿ ನೊಬೆಲ್ ಕೂಡ ಬಂತು.

ತಾರಸಿಗೆ ಕಾಂಕ್ರೀಟ್ ಹಾಕುವಾಗ ಬಾಂಡ್ಲಿ ಕೈಯಿಂದ ಕೈಗೆ ಸಾಗೋದು ನೋಡಿದ್ದೀರಲ್ಲ? ಸಿಸಿಡಿಯೂ ಹಾಗೇ. ಪ್ರತಿ ಪಿಕ್ಸೆಲ್ ತನ್ನಲ್ಲಿ ತುಂಬಿದ ವಿದ್ಯುದಾವೇಶವನ್ನು ಪಕ್ಕದ್ದಕ್ಕೆ ದಾಟಿಸುತ್ತೆ, ಅಳತೆ ಕೊನೆಯಲ್ಲಿ. ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್ಲಿಗೂ ತನ್ನದೇ ಆಂಪ್ಲಿಫೈಯರ್. ಅವು ಒಂದಕ್ಕೊಂದು ಸರಿಸಮ ಇರದೆ ಮೊದಮೊದಲು ಚಿತ್ರದಲ್ಲಿ ಕಲೆ ಬೀಳ್ತಿತ್ತು. ಆದರೆ ವಿದ್ಯುತ್ ಕಡಿಮೆ ಸಾಕು, ಮಾಮೂಲಿ ಚಿಪ್ ಕಾರ್ಖಾನೆಯಲ್ಲೇ ತಯಾರಾಗುತ್ತೆ.

ಕ್ಯಾನನ್ 2000ದಲ್ಲೇ ಡಿ30ಯಲ್ಲಿ ಸಿಮಾಸ್ ಹಾಕಿತು. 2003ರಲ್ಲಿ ಬಂದ 300ಡಿ ಸಾವಿರ ಡಾಲರ್ ಒಳಗೆ ಸಿಕ್ಕಿ, ಎಸ್ಎಲ್ಆರ್ ನಮ್ಮಂಥವರ ಕನಸಿಗೂ ಬಂತು. ನಿಕಾನ್ 2004ರಲ್ಲಿ ಡಿ70 ತಂದಿತು, ಅದರಲ್ಲಿ 6.1 ಮೆಗಾಪಿಕ್ಸೆಲ್ ಸಿಸಿಡಿ. 2006ರ ಡಿ40ಯದೂ ಅಷ್ಟೇ.

ಈಗ ಅಳತೆ ನೋಡಿ. ಡಿ40 ಸೆನ್ಸರ್ 23.7×15.6 ಮಿಮೀ, 400ಡಿಯದು 22.2×14.8. ನನ್ನ ಒಂದೊಂದು ಪಿಕ್ಸೆಲ್ಲೂ ಸುಮಾರು 7.8 ಮೈಕ್ರಾನ್ ಅಗಲ, ಅವರದು 5.7. ಮಳೆಗೆ ಇಟ್ಟ ಪಾತ್ರೆ ಅಗಲವಾದಷ್ಟೂ ನೀರು ಹೆಚ್ಚು! ಹಾಗಂತ ನಾನೇ ಗೆದ್ದೆ ಅಂತಲ್ಲ. ಇಡೀ ಚಿತ್ರದ ಲೆಕ್ಕಕ್ಕೆ ಬಂದರೆ ಅಂಗಳದ ಒಟ್ಟು ವಿಸ್ತೀರ್ಣ ಮುಖ್ಯ, ಅಲ್ಲಿ ಇಬ್ಬರದೂ ಹೆಚ್ಚೂಕಡಿಮೆ ಒಂದೇ.

ಕೊನೆಗೆ ಗೆದ್ದದ್ದು ಸಿಮಾಸೇ. 2008ರಲ್ಲಿ ವಿಡಿಯೋ ತೆಗೆದ ಮೊದಲ ಡಿಎಸ್ಎಲ್ಆರ್ ನಿಕಾನ್ ಡಿ90 ಬಂತು, ಅದರಲ್ಲಿ ಸಿಮಾಸ್. 2009ರ ಡಿ3000ದಲ್ಲಿ ಸಿಸಿಡಿ ಉಳಿದಿತ್ತು. ಮರುವರ್ಷ ಡಿ3100 ಬಂದಾಗ ಅಲ್ಲೂ ಹೋಯ್ತು.

ನಮ್ಮ ಹಜಾರದಲ್ಲಿ ಅಜ್ಜಿಯ ಫೋಟೋ ಇದೆ, 12×18 ಇಂಚಿನದು. ಅಡುಗೆಮನೆಯ ಕಿಟಕಿ ಬೆಳಕಲ್ಲಿ ಅದೇ ಡಿ40ಯಲ್ಲಿ ತೆಗೆದದ್ದು. ಮರುವರ್ಷ ಅಜ್ಜಿ ಹೋದರು. ಬಂದವರೆಲ್ಲ ಅಜ್ಜಿಯ ನಗು ನೋಡ್ತಾರೆ, ಎಷ್ಟು ಮೆಗಾಪಿಕ್ಸೆಲ್ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ಹತ್ತಕ್ಕೆ ದುಡ್ಡು ಕೂಡಿಸ್ತಾ ಕೂತಿದ್ದರೆ?

ನಿಮ್ಮ ಮೊದಲ ಕ್ಯಾಮೆರಾ ಯಾವುದು?